ಅಪ್‌ಡೇಟ್: ಶಿರಸಿಯ ಗೀಸರ್, ಕಾಯಿಲ್ ಹೋಗಿಲ್ಲ

ಸಂಜೆ ಹೊತ್ತು ಗೀಸರ್ ನೀರು ಬೇಗ ಕಾಯುವುದಿಲ್ಲ, ನೀರು ಕಾಯಿಸುವ ಕಾಯಿಲ್ ಹೋಗಿದೆಯಾ ಎಂದು ಕೇಳಿದ್ದೆ ಅಲ್ವಾ? ನೀವು ಹೇಳಿದ ಹಾಗೆ ವೋಲ್ಟೇಜ್, ಕರೆಂಟ್ ಅಳೆದು ನೋಡಿದೆ.

ಗೀಸರ್ 230 ವೋಲ್ಟಿಗೆ 2000 ವ್ಯಾಟ್‌ನದು. ಅಂದರೆ 8.7 ಆಂಪಿಯರ್ ಎಳೆಯಬೇಕು, ಕಾಯಿಲಿನ ರೆಸಿಸ್ಟೆನ್ಸ್ (ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದ್ದು) ಸುಮಾರು 26.5 ಓಮ್. ಸಂಜೆ ನಮ್ಮಲ್ಲಿ ಸಿಕ್ಕಿದ್ದು ಬರೀ 180 ವೋಲ್ಟ್! ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 6.8 ಆಂಪಿಯರ್ ತೋರಿಸಿತು. (ಒಂದೇ ವೈರಿಗೆ ಹಾಕಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಸೊನ್ನೆ ಬರುತ್ತದೆ.) 180ನ್ನು 6.8ರಿಂದ ಭಾಗಿಸಿದರೆ ಅದೇ 26.5 ಓಮ್. ಕಾಯಿಲ್ ಗಟ್ಟಿಯಾಗಿಯೇ ಇದೆ.

ಆದರೆ ಪವರ್? 180 × 6.8, ಅಂದರೆ 1224 ವ್ಯಾಟ್ ಅಷ್ಟೇ. ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ, ಹೊಡೆತ ಎರಡು ಕಡೆಯಿಂದ. ತೋಟದ ಪಂಪಿಗೆ ಮಾತ್ರ ಸುಮ್ನೆ ಈ ಲೆಕ್ಕ ಹಾಕಬೇಡಿ, ಲೋಡ್ ಇರುವ ಮೋಟಾರ್ ಕಡಿಮೆ ವೋಲ್ಟೇಜಿನಲ್ಲಿ ಜಾಸ್ತಿ ಕರೆಂಟ್ ಎಳೆಯುತ್ತದೆ.

ಸದ್ಯಕ್ಕೆ ಸಂಜೆ ಸ್ನಾನಕ್ಕೆ ಬಚ್ಚಲ ಹಂಡೆಯೇ ಗತಿ.