ಮೇಲ್ಮೈ, ಹೊರಮೈ: ಬಿಸಿ ಆರುವ ಪಾಠಕ್ಕೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಒಂದು ವಿಜ್ಞಾನ ಪಾಠ ಬರೆಯುತ್ತಿದ್ದೇನೆ. ಬಿಸಿ ವಸ್ತುವಿನ ಸರ್ಫೇಸ್ ಏರಿಯಾ ಜಾಸ್ತಿ ಇದ್ದಷ್ಟೂ ಅದು ಬೇಗ ಆರುತ್ತದೆ ಅನ್ನುವುದು ವಿಷಯ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಮೇಲ್ಮೈ ವಿಸ್ತೀರ್ಣ’ ಅಂತಿದೆ. ನಾನೂ ಅದನ್ನೇ ಬರೆದೆ. ಕರಡು ಓದಿದ ಹುಡುಗಿಯೊಬ್ಬಳು ಅದನ್ನು ಮೇಲ್ಗಡೆಯ ಮೈ ಅಂತ ತಿಳಿದುಕೊಂಡಳು. ತಪ್ಪು ಅವಳದಲ್ಲ. ಮೇಲ್ತುಟಿ, ಮೇಲ್ಮಹಡಿ ಅಂದರೆ ಮೇಲಿರುವುದೇ ಅಲ್ವಾ?

ಈ ತಪ್ಪು ಮೊದಲು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಪಾಠದಲ್ಲಿ 2 ಸೆಂ.ಮೀ. ಬದಿಯ ಕಾದ ಕಬ್ಬಿಣದ ಘನ ಇದೆ. 6 ಮುಖ ಸೇರಿ 24 ಚದರ ಸೆಂ.ಮೀ. ಅದನ್ನು 1 ಸೆಂ.ಮೀ. ಬದಿಯ 8 ತುಂಡು ಮಾಡಿದರೆ 48. ಕಬ್ಬಿಣ ಅಷ್ಟೇ, ಬಿಸಿ ಹೊರಹೋಗುವ ಜಾಗ ಮಾತ್ರ ಎರಡರಷ್ಟು. ತುಂಡುಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲಿ ಆರುತ್ತವೆ. ಅವಳು ಮೇಲ್ಗಡೆಯನ್ನಷ್ಟೇ ಎಣಿಸಿದ್ದಳು. 4 ಇದ್ದದ್ದು 8 ಆಯಿತು. ಅದೂ ಎರಡರಷ್ಟೇ!

ಸಿಕ್ಕಿಬಿದ್ದದ್ದು ಮುಂದಿನ ಲೆಕ್ಕದಲ್ಲಿ. ಅಷ್ಟೇ ಕಬ್ಬಿಣವನ್ನು ಬಡಿದು 4 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, ಅರ್ಧ ಸೆಂ.ಮೀ. ದಪ್ಪದ ಪಟ್ಟಿ ಮಾಡಿ ನೆಟ್ಟಗೆ ನಿಲ್ಲಿಸಿದರೆ? ಮೇಲ್ಗಡೆ ಇರುವುದು ಬರೀ 2 ಚದರ ಸೆಂ.ಮೀ. ‘ಹಾಗಾದರೆ ಇದು ಘನಕ್ಕಿಂತ ನಿಧಾನ ಆರುತ್ತದೆ’ ಅಂದಳು. ಎಲ್ಲ ಮುಖ ಸೇರಿದರೆ 40. ಘನಕ್ಕಿಂತ ಬೇಗ ಆರುವುದು ಪಟ್ಟಿಯೇ.

ಅದಕ್ಕೇ ‘ಹೊರಮೈ’ ಅಂತ ತಿದ್ದಿದೆ. ಆದರೆ ಮುಂದಿನ ಪುಟದಲ್ಲಿ ಎರಡೂ ತುದಿ ತೆರೆದ ಕೊಳವೆ ಬರುತ್ತದೆ. ಅದರ ಒಳಗೂ ಗಾಳಿ ಆಡುತ್ತದೆ, ಅಲ್ಲಿಂದಲೂ ಬಿಸಿ ಹೋಗುತ್ತದೆ. ಅದನ್ನು ಹೊರಮೈ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ‘ಗಾಳಿ ತಾಗುವ ಮೈ’ ಅಂದರೆ ಅರ್ಥ ತಿಳಿಯಾಗಿದೆ, ಆದರೆ ಪದೇ ಪದೇ ಬರೆಯಲು ಉದ್ದ. ಪಾತ್ರೆಯ ಬಿಸಿನೀರಿನ ಮಾತು ಬೇರೆ. ಆವಿ ಏಳುವುದು ಮೇಲಿನಿಂದಲೇ, ಹೋಗುವಾಗ ಬಿಸಿಯನ್ನೂ ಒಯ್ಯುತ್ತದೆ. ಅಲ್ಲಿ ಮೇಲ್ಮೈ ಸರಿಯಾಗಿಯೇ ಕೂರುತ್ತದೆ.

‘ತಣ್ಣಗಾಗು’ ಬಿಟ್ಟು ‘ಆರು’ ಹಿಡಿದದ್ದಕ್ಕೂ ಕಾರಣ ಇದೆ. ಫ್ರಿಜ್‌ನಲ್ಲಿಟ್ಟ ನೀರು ತಣ್ಣಗಾಗುತ್ತದೆ, ಅದು ಆರಿತು ಅಂತ ಯಾರೂ ಅನ್ನುವುದಿಲ್ಲ. ಕಾದದ್ದು ಸುಮ್ನೆ ಇಟ್ಟಲ್ಲೇ ಬಿಸಿ ಕಳೆದುಕೊಂಡರೆ ಅದು ಆರುವುದು. ಒದ್ದೆ ಬಟ್ಟೆ ಆರುತ್ತದೆ, ದೀಪವೂ ಆರುತ್ತದೆ. ಇಷ್ಟು ಚೆಂದದ ಪದವನ್ನು ಪಾಠದಿಂದ ಹೊರಗಿಡಲು ನನಗಿಷ್ಟವಿಲ್ಲ. ‘ಆರುವ ದರ’ ಮಾತ್ರ ಬೇಡ, ದರ ಅಂದರೆ ಮಕ್ಕಳಿಗೆ ಬೆಲೆ ನೆನಪಾಗುತ್ತದೆ. ‘ಆರುವ ವೇಗ’ ಅಂತ ಇಟ್ಟಿದ್ದೇನೆ.

ಈಗ ನನ್ನ ಪ್ರಶ್ನೆ. ಒಳಗಿರಲಿ, ಹೊರಗಿರಲಿ, ಗಾಳಿಗೆ ತೆರೆದುಕೊಂಡ ಅಷ್ಟೂ ಮೈಯನ್ನು ಒಟ್ಟಾಗಿ ಹೇಳುವ ಚಿಕ್ಕ ಪದ ನಿಮ್ಮ ಬಳಕೆಯಲ್ಲಿ ಇದೆಯೇ? ‘ತೆರೆಮೈ’ ಅಂತ ಕಟ್ಟಿದರೆ ತೆರೆದ ಮೈ ಅಂತ ತಿಳಿಯುತ್ತದೆಯೋ, ಇಲ್ಲ ಅಲೆ, ಪರದೆ ನೆನಪಾಗುತ್ತದೆಯೋ?