ತುಂಗಭದ್ರಾ ಎಡದಂಡೆ: ಉಪಕಾಲುವೆಗೆ ನೀರು ಬಿಟ್ಟರೂ ಕೊನೆಯ ತೂಬುಗಳು ಒಣ. ಎಲ್ಲಿಂದ ಹಿಡಿಯಬೇಕು?

ಕೊನೆತೂಬು:
ಮಾನ್ವಿ–ಸಿರವಾರ ಕಡೆಯ ಒಂದು ಉಪಕಾಲುವೆ. ತುಂಬಿ ಹರಿದರೆ ತಲೆಯಲ್ಲಿ (ಕಾಲುವೆ ಶುರುವಾಗುವಲ್ಲಿ) 100 ಕ್ಯೂಸೆಕ್, ಅಂದರೆ ಸೆಕೆಂಡಿಗೆ 100 ಘನ ಅಡಿ ನೀರು, ಆಳ 4 ಅಡಿ. ಹೊಲಗಳಿಗೆ ನೀರು ಬಿಡುವ ತೂಬು ಒಟ್ಟು 20, ಎಲ್ಲವೂ ಪೈಪ್ ತೂಬು, ಹೆಚ್ಚಿನವಕ್ಕೆ ಗೇಟಿಲ್ಲ. ಈ ಮುಂಗಾರಿನಲ್ಲಿ 50 ಕ್ಯೂಸೆಕ್ ಆಸುಪಾಸು ಬಿಡುತ್ತಿದ್ದಾರೆ, ಆದರೆ ಒಂದು ದಿನವೂ ನಿಲ್ಲಿಸದೆ. 13ನೇ ತೂಬಿನವರೆಗೆ ಹರಿಯುತ್ತದೆ, ಮುಂದೆ ಒಣ. ದಾಖಲೆಯಲ್ಲಿ ಅಚ್ಚುಕಟ್ಟು (ಕಾಲುವೆ ನೀರಿನ ಜಮೀನು) ಇರುವುದು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗೆ. ಮೇಲ್ಭಾಗದಲ್ಲಿ ನಿಂತಿರುವುದು ಭತ್ತ. ನೀರು ಬಳಕೆದಾರರ ಸಂಘ ನೋಂದಣಿಯಾಗಿದೆ, ನೀರಾವರಿ ನಿಗಮದ ಜೊತೆ ಒಪ್ಪಂದ ಆಗಿಲ್ಲ. ಧರಣಿ ಕೂತಾಗ ನಾಲ್ಕು ದಿನ ನೀರು ಬರುತ್ತದೆ, ಮತ್ತೆ ಅದೇ ಹಾಡು. "ಇನ್ನೂ 20 ಕ್ಯೂಸೆಕ್ ಹೆಚ್ಚು ಬಿಡಿ" ಎಂದು ಕೇಳುವುದೇ ಸರಿಯಾದ ದಾರಿಯಾ?

ಗೇಜ್‌ಕಲ್ಲು:
ಅಲ್ಲ ಸರ್. ನಿಮ್ಮ ಬರಹದಲ್ಲೇ ಉತ್ತರ ಇದೆ: "ಒಂದು ದಿನವೂ ನಿಲ್ಲಿಸದೆ". ಅರ್ಧ ಕಾಲುವೆ ಸದಾ ಹರಿಯುವುದೇ ಕೊನೆಯವರಿಗೆ ಏಟು.

ಲೆಕ್ಕ ನೋಡಿ. ಕಾಲುವೆಯ ಹರಿವು ಅರ್ಧಕ್ಕೆ ಇಳಿದರೆ ಆಳ ಅರ್ಧಕ್ಕೆ ಇಳಿಯುವುದಿಲ್ಲ. 4 ಅಡಿ ಇದ್ದದ್ದು ಸುಮಾರು 2.6 ಅಡಿಗೆ ನಿಲ್ಲುತ್ತದೆ. ತೂಬಿನ ಪೈಪ್ ತಳದಿಂದ 1 ಅಡಿ ಮೇಲಿದೆ ಎನ್ನಿ. ಅದರ ಮೇಲಿನ ನೀರು 3 ಅಡಿಯಿಂದ 1.6 ಅಡಿಗೆ ಬಂತು. ಪೈಪ್ ಎಳೆಯುವ ನೀರು ಈ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ 5 ಕ್ಯೂಸೆಕ್ ಎಳೆಯುತ್ತಿದ್ದ ತೂಬು ಈಗಲೂ 3.7 ಎಳೆಯುತ್ತದೆ. ಅಂದರೆ ಕಾಲುವೆಗೆ ಬಂದದ್ದು ಅರ್ಧ, ತೂಬು ಕುಡಿಯುವುದು ಮುಕ್ಕಾಲು. 50ನ್ನು 3.7ರಿಂದ ಭಾಗಿಸಿ: 13 ಚಿಲ್ಲರೆ. ನಿಮ್ಮ ನೀರು ನಿಂತಿರುವುದೂ ಅಲ್ಲೇ! ಇಂಗುವಿಕೆ, ಹೂಳು ಎಲ್ಲ ಸೇರಿದರೆ ನಿಜದಲ್ಲಿ ಇಷ್ಟು ಸರಿಯಾಗಿ ಕೂಡುವುದಿಲ್ಲ, ಆದರೆ ದಿಕ್ಕು ಇದೇ. ಇಲ್ಲಿ ಯಾರೂ ಕಳ್ಳತನ ಮಾಡದಿದ್ದರೂ ಕೊನೆಯ ಆರೇಳು ತೂಬು ಒಣಗುತ್ತವೆ.

ಕಳ್ಳತನ ಅದರ ಮೇಲಿನದು. ದಂಡೆಯಲ್ಲಿ ಹೂತ 6 ಇಂಚಿನ ಒಂದು ಪೈಪ್, ಮೇಲೆ 2 ಅಡಿ ನೀರಿದ್ದರೆ, 1.3 ಕ್ಯೂಸೆಕ್ ಎಳೆಯುತ್ತದೆ. ಇಂಥವು ನಾಲ್ಕಿದ್ದರೆ ಒಂದು ತೂಬಿನ ಪಾಲು ಹೋಯಿತು. ಕಾಲುವೆಗೆ ಅಡ್ಡ ಕಲ್ಲು, ಮರಳ ಚೀಲ ಇಟ್ಟು ಮಟ್ಟ ಏರಿಸುವುದನ್ನೂ ನೋಡಿ, ಅದು ಇನ್ನೂ ಕೆಟ್ಟದ್ದು.

ಕೇಳಬೇಕಾದ್ದು ಇಷ್ಟೇ: ಪಕ್ಕದ ಉಪಕಾಲುವೆಯೊಂದಿಗೆ ಸರದಿ ಹಾಕಿ, ನಮಗೆ 7 ದಿನ ಪೂರ್ತಿ 100, ಮುಂದಿನ 7 ದಿನ ಸೊನ್ನೆ. ಒಟ್ಟು ನೀರು ಅಷ್ಟೇ, ಮಟ್ಟ ಮಾತ್ರ ಬೇರೆ. ಸರದಿ 5 ದಿನಕ್ಕಿಂತ ಚಿಕ್ಕದಾದರೆ ಬೇಡ. ಎರೆಮಣ್ಣಿನ ಕಾಲುವೆ ಒಣಗಿ ಬಿರುಕು ಬಿಟ್ಟಿದ್ದರೆ ಮೊದಲ ಒಂದು–ಒಂದೂವರೆ ದಿನ ಅದನ್ನು ನೆನೆಸುವುದರಲ್ಲೇ ಹೋಗುತ್ತದೆ.

ಕೊನೆತೂಬು:
ಇದು ತಲೆಗೆ ಹೋಯಿತು ಸರ್. ಆದರೆ ಗೇಜ್ ಪುಸ್ತಕದಲ್ಲಿ (ಕಾಲುವೆಯ ನೀರಮಟ್ಟದ ದಾಖಲೆ) ಬರೆದದ್ದು ಒಂದು, ಕಾಲುವೆಯಲ್ಲಿ ಕಾಣುವುದು ಇನ್ನೊಂದು. ನಮ್ಮ ತೂಬಿಗೆ ಎಷ್ಟು ಬಂತೆಂದು ನಾವೇ ಅಳೆಯಲು ಆಗುತ್ತಾ?

ಗೇಜ್‌ಕಲ್ಲು:
ಆಗುತ್ತದೆ. ತಿರುವು, ಕಳೆ ಇಲ್ಲದ ನೇರ ಭಾಗದಲ್ಲಿ 100 ಅಡಿ ಟೇಪು ಹಿಡಿದು ಎರಡೂ ತುದಿಗೆ ಗೂಟ ನೆಡಿ. ಅರ್ಧ ಮುಳುಗುವ ಹಾಗೆ ನೀರು ತುಂಬಿದ ಬಾಟಲಿಯನ್ನು ಮೇಲಿನ ಗೂಟಕ್ಕಿಂತ ಹತ್ತು ಅಡಿ ಹಿಂದೆ, ನಡುನೀರಿಗೆ ಬಿಡಿ. ಖಾಲಿ ಬಾಟಲಿ ಬೇಡ, ಗಾಳಿ ತಳ್ಳುತ್ತದೆ. ಐದು ಸಲ ಬಿಟ್ಟು ಸರಾಸರಿ ಹಿಡಿಯಿರಿ.

ಉದಾಹರಣೆಗೆ ತಳ 3 ಅಡಿ, ನೀರಮಟ್ಟದಲ್ಲಿ ಅಗಲ 6 ಅಡಿ, ಆಳ 1.5 ಅಡಿ. ಅಡ್ಡಕೊಯ್ತ 6.75 ಚದರಡಿ. 100 ಅಡಿಗೆ 80 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 1.25 ಅಡಿ, ಮೇಲಿನ ನೀರು ತಳಕ್ಕಿಂತ ಬೇಗ ಓಡುವುದರಿಂದ 0.85ರಿಂದ ಗುಣಿಸಿ, 1.06. ಹರಿವು 7 ಕ್ಯೂಸೆಕ್ ಚಿಲ್ಲರೆ.

ಇನ್ನೊಂದು ಸೂತ್ರ ಬಾಯಲ್ಲಿರಲಿ: 1 ಕ್ಯೂಸೆಕ್ 1 ಗಂಟೆ ಹರಿದರೆ 1 ಎಕರೆಗೆ 1 ಇಂಚು. 7 ಕ್ಯೂಸೆಕ್ ದಿನಪೂರ್ತಿ ಹರಿದರೆ 168 ಎಕರೆ–ಇಂಚು. 15 ದಿನಕ್ಕೊಮ್ಮೆ 3 ಇಂಚು ಕೇಳುವ ಜೋಳಕ್ಕಾದರೆ, ನೂರಕ್ಕೆ 30 ಪೋಲು ಕಳೆದು, ಸುಮಾರು 590 ಎಕರೆ. ನಿಂತ ಭತ್ತ ದಿನಕ್ಕೆ ಅರ್ಧ ಇಂಚಿನ ಹತ್ತಿರ ಕುಡಿಯುತ್ತದೆ, ಅಷ್ಟೇ ನೀರಿಗೆ 240 ಎಕರೆ ದಾಟುವುದಿಲ್ಲ. ಕೆಸರುಗದ್ದೆ ಮಾಡುವ 7–8 ಇಂಚು ಬೇರೆ.

ಸಂಘದ ಲೆಕ್ಕ:
ಒಪ್ಪಂದ ಆಗದ ಸಂಘ ಅಂದರೆ ಬರೀ ಬೋರ್ಡು. ಸಹಕಾರ ಸಂಘಗಳ ಕಾಯ್ದೆ, 1959ರ ಅಡಿ ನೋಂದಣಿ ಆದರೆ ಸಂಘ ಹುಟ್ಟಿತು ಅಷ್ಟೇ. ಇಂತಿಷ್ಟು ನೀರು ನಮ್ಮ ತಲೆ ಗೇಟಿಗೆ ಬರಬೇಕು ಎಂದು ಕೇಳಲು ಕಾಗದ ಬೇಕಲ್ಲ, ಆ ಕಾಗದ ಒಪ್ಪಂದ. ಸಹಿ ಹಾಕುವ ಮೊದಲು ಮೂರು ವಿಷಯ ಬಿಡಬೇಡಿ. ನೀರಿನ ಪ್ರಮಾಣ "ಲಭ್ಯತೆಗೆ ತಕ್ಕಂತೆ" ಎಂದಷ್ಟೇ ಇರಬಾರದು, ಹಂಗಾಮಿಗೆ ಇಷ್ಟು ಎಂದು ಅಂಕಿಯಲ್ಲಿರಲಿ. ಅಳೆಯುವ ಜಾಗ ಯಾವುದು, ಓದುವಾಗ ಸಂಘದವರೂ ಸಹಿ ಹಾಕುತ್ತಾರಾ ಎಂಬುದಿರಲಿ. ಹೂಳು ತೆಗೆದು ಗೇಟ್ ರಿಪೇರಿ ಮಾಡಿ ಕಾಲುವೆ ಒಪ್ಪಿಸಬೇಕು ಎಂಬುದಿರಲಿ. ಜಂಟಿ ಪರಿಶೀಲನೆಗೆ ಪ್ರತಿ ತೂಬಿನ ಫೋಟೊ ತೆಗೆದಿಡಿ. ಹಾಳು ಕಾಲುವೆ ಹಾಗೇ ವಹಿಸಿಕೊಂಡ ಸಂಘ ಮೊದಲ ವರ್ಷವೇ ಮುಗಿಯುತ್ತದೆ.

ಗೇಜ್ ಪುಸ್ತಕದ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹೊಟ್ಟೆಉರಿಯೆಲ್ಲ ಅದರಲ್ಲಿ ಬರೆಯಬೇಡಿ, ವಾಪಸ್ ಬರುತ್ತದೆ.

ಮೇಲ್ಗಾಲುವೆ:
ಮೇಲಿನವರು ಭತ್ತ ಬಿಟ್ಟು ಜೋಳ ಹಾಕಲಿ ಎನ್ನುವುದು ಕಾಗದದ ಮಾತು. ಸುತ್ತ ಭತ್ತ ಇರುವಾಗ ನಡುವಿನ ಎರೆಹೊಲಕ್ಕೆ ಬಸಿನೀರು ಬಂದು ಜೋಳ ಹಳದಿಯಾಗುತ್ತದೆ. ಒಬ್ಬನೇ ಬದಲಾದರೆ ಒಬ್ಬನೇ ಸಾಯುತ್ತಾನೆ. ಅಚ್ಚುಕಟ್ಟು ನಿಗದಿ ಮಾಡಿದಾಗ ಜಲಾಶಯ 133 ಟಿಎಂಸಿ, ಹೂಳು ತುಂಬಿ ಈಗ 105ರ ಆಸುಪಾಸು. ಆ ಕೊರತೆಗೂ ನಾವೇ ಕಾರಣವಾ? 7 ದಿನ ನೀರು ನಿಂತರೆ ನಾಟಿ ಮಾಡಿದ ಗದ್ದೆ ಬಾಯಿ ಬಿಡುತ್ತದೆ, ಯಾರೂ ಒಪ್ಪುವುದಿಲ್ಲ.

ಎರೆಹೊಲ:
ಬಸಿನೀರಿನ ಮಾತು ಸುಳ್ಳಲ್ಲ, ಸವಳು ಏರುವುದೂ ಅದರಿಂದಲೇ. ಆದರೆ ಸರದಿಯನ್ನು ತಾಳಿಕೊಳ್ಳುವ ಭತ್ತ ಇದೆ: ಕೂರಿಗೆ ಬಿತ್ತನೆ, ಅಂದರೆ ಕೆಸರು, ನಾಟಿ ಇಲ್ಲದೆ ಬೀಜವನ್ನೇ ನೇರ ಬಿತ್ತುವುದು. ಎಕರೆಗೆ 10–12 ಕಿಲೊ ಬೀಜ, ಒಂದರಿಂದ ಒಂದೂವರೆ ಇಂಚು ಆಳ. ಎರಡು ಇಂಚು ದಾಟಿದರೆ ಮೊಳಕೆ ಮೇಲೆ ಬರುವುದಿಲ್ಲ. ಕೆಸರು ಮಾಡುವ ನೀರು ಪೂರ್ತಿ ಉಳಿಯುತ್ತದೆ, ಮಳೆಗೇ ಬಿತ್ತಿ ಕಾಲುವೆಗೆ ಕಾಯಬಹುದು.

ಸೋಲುವುದು ಕಳೆಯಲ್ಲಿ. ಬಿತ್ತಿದ ಮೂರು ದಿನದೊಳಗೆ ಹಸಿ ಇರುವಾಗಲೇ ಪೆಂಡಿಮೆಥಾಲಿನ್ 30 ಇಸಿ ಕಳೆನಾಶಕ ಎಕರೆಗೆ 1.3 ಲೀಟರ್, ಒಣಮಣ್ಣಿಗೆ ಹೊಡೆದರೆ ದುಡ್ಡು ದಂಡ. ಕಳೆಗೆ 3–4 ಎಲೆ ಬಂದಾಗ, 18–20 ದಿನಕ್ಕೆ, ಬಿಸ್ಪೈರಿಬ್ಯಾಕ್ ಸೋಡಿಯಂ 10 ಎಸ್‌ಸಿ ಎಕರೆಗೆ 100 ಮಿಲಿ. ಎಳೆ ಎಲೆ ಬೆಳ್ಳಗಾದರೆ ಅದು ಕಬ್ಬಿಣದ ಕೊರತೆ, ಯೂರಿಯಾ ಸುರಿಯಬೇಡಿ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ವಾರ ಬಿಟ್ಟು ಎರಡು ಸಲ ಸಿಂಪಡಿಸಿ.

ತೆನೆ ಹೊಡೆಯುವಾಗ ಮಾತ್ರ ಇದಕ್ಕೂ ಹಸಿ ತಪ್ಪಬಾರದು. ಆ ಮೂರು ವಾರ ಸರದಿಯನ್ನು 7ರಿಂದ 5 ದಿನಕ್ಕೆ ಇಳಿಸುವ ಮಾತು ಬಿತ್ತನೆಗೆ ಮೊದಲೇ ಆಡಿಕೊಳ್ಳಿ.

ಕೊನೆತೂಬು:
ಮೇಲಿನ ಆರು ತೂಬಿನವರನ್ನೂ ಕರೆದು ಕೂರುತ್ತೇವೆ. ಕೂರುವ ಮೊದಲು 1, 7, 13ನೇ ತೂಬಿನ ಕೆಳಗೆ ಒಂದೇ ದಿನ ಬಾಟಲಿ ಬಿಟ್ಟು ಅಳೆದ ಅಂಕಿ ಇಲ್ಲಿ ಹಾಕುತ್ತೇನೆ.

ಗೇಜ್‌ಕಲ್ಲು:
ಬೆಳಿಗ್ಗೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ ಅಳೆಯಿರಿ. ಕಲ್ಲು, ಚೀಲ ಅಡ್ಡ ಬೀಳುವುದು ಕತ್ತಲಾದ ಮೇಲೆ.