2 ಇಂಚು ಜಿಐ ಪೈಪ್ ಅಳೆದ್ರೆ 60 ಎಂಎಂ ಬರ್ತಿದೆ, ಯಾಕೆ? ಯಾವ ಕ್ಲಾಸ್ ತಗೊಳ್ಲಿ?

ತೋಟದಮನೆ:
ಬೋರ್‌ವೆಲ್‌ಗೆ ಮೋಟ್ರು ಇಳಿಸೋಕೆ 2 ಇಂಚು ಜಿಐ ಪೈಪ್ ನೋಡ್ತಿದೀನಿ, ಸುಮಾರು 500 ಅಡಿ ಬೇಕು. ಅಂಗಡೀಲಿ ಅಳತೆ ಹಿಡಿದ್ರೆ ಹೊರಗಡೆ 60 ಎಂಎಂ, ಒಳಗಡೆ 53, ಎಲ್ಲೂ 2 ಇಂಚು ಸಿಗ್ತಾನೇ ಇಲ್ಲ. ಅವ್ರು ಎ, ಬಿ, ಸಿ ಕ್ಲಾಸ್ ಅಂತಾರೆ, ಫ್ಯಾಕ್ಟರೀಲಿರೋ ನಮ್ ಭಾವ ಶೆಡ್ಯೂಲ್ 40 ತಗೋ ಅಂತಾರೆ. ಎ ಕ್ಲಾಸ್ ರೇಟ್ ಕಮ್ಮಿ ಇದೆ, ಸಾಕಾಗುತ್ತಾ?

ಲೇತ್ ಕೆಲಸ:
2 ಇಂಚು ಅನ್ನೋದು ಬರೀ ಹೆಸರು ಸರ್. ಐಎಸ್ 1239 (ಸ್ಟೀಲ್ ಪೈಪಿಗೆ ಇರೋ ನಮ್ ದೇಶದ ಸ್ಟ್ಯಾಂಡರ್ಡ್) ಪ್ರಕಾರ ಹೊರಗಿನ ಅಳತೆ ಮೂರೂ ಕ್ಲಾಸಿಗೆ ಹೆಚ್ಚುಕಮ್ಮಿ ಒಂದೇ, 60.3 ಎಂಎಂ, ಯಾಕಂದ್ರೆ ಪೈಪಿಗೆ ಪೈಪ್ ಜೋಡಿಸೋ ಸಾಕೆಟ್ ಎಲ್ಲಕ್ಕೂ ಅದೇ ಕೂರ್ಬೇಕು. ಪೈಪ್ ಗೋಡೆ ದಪ್ಪ ಜಾಸ್ತಿ ಆದಂಗೆ ಒಳಗಿನ ತೂತು ಸಣ್ಣ ಆಗುತ್ತೆ ಅಷ್ಟೆ. ಎ ಅಂದ್ರೆ ಲೈಟ್, ಹಳದಿ ಪಟ್ಟಿ, 2.9 ಎಂಎಂ. ಬಿ ಮೀಡಿಯಂ, ನೀಲಿ, 3.6. ಸಿ ಹೆವಿ, ಕೆಂಪು, 4.5.

ಈಗ ಥ್ರೆಡ್ ನೋಡಿ. ಈ ಸೈಜಲ್ಲಿ ಇಂಚಿಗೆ 11 ಹಲ್ಲು, ಆಳ ಸುಮಾರು 1.5 ಎಂಎಂ, ಅಂದ್ರೆ ಎ ಕ್ಲಾಸಲ್ಲಿ ಥ್ರೆಡ್ ಹೊಡೆದ ಜಾಗದಲ್ಲಿ ಉಳಿಯೋದು ಬರೀ 1.4, ಬಿ ಕ್ಲಾಸಲ್ಲಿ 2.1. 500 ಅಡಿ ಬಿ ಕ್ಲಾಸ್ ಪೈಪೇ 760 ಕೆಜಿ ಆಗುತ್ತೆ, ಒಳಗಿನ ನೀರು 300 ಕೆಜಿ ಮೇಲೆ, ಮೋಟ್ರು ಬೇರೆ, ಇಷ್ಟೂ ಭಾರ ಮೇಲಿನ ಸಾಕೆಟ್ ಥ್ರೆಡ್ ಮೇಲೇ ನೇತಾಡುತ್ತೆ. ದಯವಿಟ್ಟು ಎ ಕ್ಲಾಸ್ ಬೇಡ.

ಹಾರ್ಡ್‌ವೇರ್ ಅಣ್ಣ:
ಮೇಲಿನವ್ರು ಹೇಳಿದ್ದು ಸರಿ. ಬಣ್ಣದ ಪಟ್ಟಿ ಒಂದನ್ನೇ ನಂಬ್ಬೇಡಿ, ತೂಕ ಹಾಕ್ಸಿ. ಹೊರಗಿನ ಅಳತೆಯಿಂದ ದಪ್ಪ ಕಳೀರಿ, ಬಂದಿದ್ದನ್ನ ದಪ್ಪದಿಂದ ಗುಣಿಸಿ, ಆಮೇಲೆ 0.02466ರಿಂದ ಗುಣಿಸಿ, ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. 6 ಮೀಟರ್ ಬಿ ಕ್ಲಾಸ್ ಸುಮಾರು 30 ಕೆಜಿ ತೂಗ್ಬೇಕು, ಎ ಕ್ಲಾಸ್ ಆದ್ರೆ 24-25. ಒಂದು ಪೈಪ್ ಅಲ್ಲ, ನಾಲ್ಕೈದು ಒಟ್ಟಿಗೆ ತೂಗ್ಸಿ, ಒಂದೊಂದರಲ್ಲಿ ಸ್ವಲ್ಪ ಆಚೀಚೆ ಇರುತ್ತೆ.

ತೋಟದಮನೆ:
ತುಂಬಾ ಥ್ಯಾಂಕ್ಸ್. ಹಂಗಾದ್ರೆ ಭಾವ ಹೇಳೋ ಶೆಡ್ಯೂಲ್ 40?

ಲೇತ್ ಕೆಲಸ:
ಅದು ಅಮೆರಿಕದ ಸ್ಟ್ಯಾಂಡರ್ಡ್, ಫ್ಯಾಕ್ಟರಿ ಸ್ಟೀಮ್ ಲೈನಿಗೆಲ್ಲ ಅದೇ ಓಡೋದು. 40 ಅಂದ್ರೆ ಎಂಎಂ ಅಲ್ಲ, ಸೈಜ್ ಬದಲಾದ್ರೆ ದಪ್ಪಾನೂ ಬದಲಾಗುತ್ತೆ, ಅರ್ಧ ಇಂಚಿಗೆ 2.77, 2 ಇಂಚಿಗೆ 3.91, 6 ಇಂಚಿಗೆ 7.11. ಪೈಪ್ ಗಟ್ಟೀನೇ, ಆದ್ರೆ ಅದಕ್ಕೆ ಎನ್‌ಪಿಟಿ ಅನ್ನೋ ಅಮೆರಿಕದ ಥ್ರೆಡ್ ಹೊಡ್ದಿದ್ರೆ ಇಂಚಿಗೆ ಹನ್ನೊಂದೂವರೆ ಹಲ್ಲು, ನಮ್ 11 ಹಲ್ಲಿನ ಸಾಕೆಟ್ ಎರಡು ಸುತ್ತು ಹೋಗಿ ಜಾಮ್ ಆಗುತ್ತೆ, ಪೂರ್ತಿ ಕೂರಲ್ಲ. ನಿಮ್ಮ ಆಳಕ್ಕೆ ಬಿ ಸಾಕು, ದುಡ್ಡು ಹೊಂದಿದ್ರೆ ಮೇಲಿನ ಕೆಲವು ಪೈಪ್ ಮಾತ್ರ ಸಿ ಹಾಕ್ಸಿ, ಭಾರ ಬೀಳೋದೇ ಅಲ್ಲಿ.